ಬೇಸಿಗೆ ಮಾರಾಟಕ್ಕಿಲ್ಲ

ಹೊಸ ವರ್ಷ ಬಂತೆಂದರೆ ಅಮೆರಿಕದ ಕನ್ನಡ ಮನೆಗಳ ಅಂಚೆಪೆಟ್ಟಿಗೆಗೆ ಮಿರುಗುವ ಪುಸ್ತಿಕೆಗಳು ಬರತೊಡಗುತ್ತವೆ. ಮೇಲೆ ಹೆಸರಾಂತ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಚಿತ್ರ, ಒಳಗೆ ಎರಡು ಮೂರು ವಾರದ 'ಪ್ರೀ-ಕಾಲೇಜ್' ಕೋರ್ಸುಗಳು, ಕೊನೆಯಲ್ಲಿ ಹಲವು ಸಾವಿರ ಡಾಲರಿನ ಶುಲ್ಕ. ಒಂಬತ್ತನೇ ಗ್ರೇಡಿನ ಮಗಳ ಹೆಸರಿಗೇ ಬಂದ ಕಾಗದವನ್ನು ಆಯ್ಕೆಪತ್ರವೆಂದು ನಂಬುವ ತಂದೆತಾಯಿಯರೂ ಇದ್ದಾರೆ. ಅದು ಜಾಹೀರಾತು. ಈ ಕರಪತ್ರದ ಮಾತು ಒಂದೇ: ಕಾಲೇಜು ಪ್ರವೇಶದ ಆಸೆಗೆ ಹೈಸ್ಕೂಲು ಮಕ್ಕಳ ಬೇಸಿಗೆಯನ್ನು ದುಡ್ಡು ಕೊಟ್ಟು ಕೊಳ್ಳುವುದನ್ನು ಕನ್ನಡ ಕುಟುಂಬಗಳು ನಿಲ್ಲಿಸಬೇಕು.

ಈ ಆತಂಕದ ಬೇರು ಊರಿನಲ್ಲಿದೆ. ಇಂದು ಫ್ರೀಮಾಂಟ್, ಪ್ಲೇನೋ, ಎಡಿಸನ್ ಕಡೆ ನೆಲೆಸಿರುವ ಬಹಳಷ್ಟು ಅಪ್ಪ ಅಮ್ಮಂದಿರು ಪಿಯುಸಿ, ಸಿಇಟಿ ದಾಟಿ ಬಂದವರು. ಕರ್ನಾಟಕ ಸರ್ಕಾರ 1994ರಲ್ಲಿ ಸಿಇಟಿ ಘಟಕ ತೆರೆದ ಮೇಲೆ ಎಂಜಿನಿಯರಿಂಗ್ ಸೀಟಿನ ಲೆಕ್ಕ ಎಲ್ಲರ ಕಣ್ಣೆದುರಿಗೇ ಇತ್ತು. ಪಿಯುಸಿ ಅಂಕ, ಸಿಇಟಿ ಅಂಕ, ಎರಡೂ ಸೇರಿ ರ್‍ಯಾಂಕು, ರ್‍ಯಾಂಕಿನ ಸರದಿಯಲ್ಲಿ ಕೌನ್ಸೆಲಿಂಗ್. ಒಂದೇ ಒಂದು ಅಂಕ ಹೆಚ್ಚಿದರೂ ಎಷ್ಟೋ ಜನರನ್ನು ಹಿಂದೆ ಹಾಕಬಹುದಿತ್ತು. ಟ್ಯೂಷನ್ನಿಗೆ ಸುರಿದ ಹಣಕ್ಕೆ ಫಲ ಕಾಣುತ್ತಿತ್ತು. ಆ ಲೆಕ್ಕವನ್ನೇ ಅಮೆರಿಕಕ್ಕೂ ಹೊತ್ತು ತಂದವರು ಪ್ರತಿಯೊಂದು ಸಮ್ಮರ್ ಪ್ರೋಗ್ರಾಮನ್ನೂ ಒಂದು ಅಂಕವೆಂದು ಎಣಿಸುತ್ತಾರೆ. ಇಲ್ಲಿನ ಅಡ್ಮಿಷನ್ ಕಚೇರಿಗಳಲ್ಲಿ ಅಂಥ ಅಂಕಪಟ್ಟಿ ಇಲ್ಲ. ಅರ್ಜಿ ಓದುವವರು ಗ್ರೇಡು, ಆ ಶಾಲೆಯಲ್ಲಿ ಸಿಗುತ್ತಿದ್ದ ಕೋರ್ಸುಗಳು, ಪ್ರಬಂಧ, ಮನೆಯ ಪರಿಸ್ಥಿತಿ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುತ್ತಾರೆ. ಶುಲ್ಕ ಕಟ್ಟಿದವರಿಗೆಲ್ಲ ಜಾಗ ಕೊಡುವ ಕೋರ್ಸು ಯಾವುದೆಂಬುದು ಅವರಿಗೆ ಚೆನ್ನಾಗಿಯೇ ಗೊತ್ತು.

ಟೆಕ್ಸಸ್ಸಿನಲ್ಲಂತೂ ಇದು ಇನ್ನೂ ಸ್ಪಷ್ಟ. 1997ರ ಕಾನೂನಿನ ಪ್ರಕಾರ ಹೈಸ್ಕೂಲಿನಲ್ಲಿ ಮೇಲಿನ ರ್‍ಯಾಂಕು ಪಡೆದ ಮಕ್ಕಳಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ತಾನಾಗಿಯೇ ಪ್ರವೇಶ ಸಿಗುತ್ತದೆ. ಆಸ್ಟಿನ್ನಿನ ವಿಶ್ವವಿದ್ಯಾಲಯ 2026ರ ಪ್ರವೇಶಕ್ಕೆ ಈ ಮಿತಿಯನ್ನು ಶಾಲೆಯ ಮೊದಲ 5%ಕ್ಕೆ ಇಳಿಸಿತು. ಕಂಪ್ಯೂಟರ್ ಸೈನ್ಸಿನಂಥ ವಿಭಾಗಕ್ಕೆ ಬೇರೆ ಪೈಪೋಟಿ ಇದ್ದೇ ಇದೆ, ನಿಜ. ಆದರೆ ವಿಶ್ವವಿದ್ಯಾಲಯದ ಬಾಗಿಲು ತೆರೆಯುವ ಆ ಲೆಕ್ಕದಲ್ಲಿ ಬೇಸಿಗೆಯ ಸರ್ಟಿಫಿಕೇಟಿಗೆ ಜಾಗವೇ ಇಲ್ಲ.

ಒಳ್ಳೆಯ ಬೇಸಿಗೆ ಕಾರ್ಯಕ್ರಮಗಳೂ ಇವೆ. ಅವುಗಳ ಗುರುತು ಹಿಡಿಯಲು ಕೇಳಬೇಕಾದದ್ದು ಇಷ್ಟೇ: ಖರ್ಚು ಯಾರದು, ಆಯ್ಕೆ ಹೇಗೆ? 1984ರಲ್ಲಿ ಶುರುವಾಗಿ ಈಗ ಎಂಐಟಿಯಲ್ಲಿ ನಡೆಯುವ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್ ಆಯ್ಕೆಯಾದವರಿಂದ ಪಾಠಕ್ಕೂ ಊಟ ವಸತಿಗೂ ಹಣ ಪಡೆಯುವುದಿಲ್ಲ. ಸಾಹಿತ್ಯ, ಸಮಾಜ, ರಾಜಕೀಯ ಚಿಂತನೆಯತ್ತ ಒಲವಿರುವ ಮಕ್ಕಳಿಗೆ ಟೆಲ್ಯುರೈಡ್ ಅಸೋಸಿಯೇಷನ್ ನಡೆಸುವ ಸೆಮಿನಾರುಗಳೂ ಉಚಿತ. ಗಣಿತಜ್ಞ ಆರ್ನಾಲ್ಡ್ ರಾಸ್ 1957ರಲ್ಲಿ ಆರಂಭಿಸಿದ ಶಿಬಿರದಲ್ಲಿ ಆರು ವಾರ ಸಂಖ್ಯಾಸಿದ್ಧಾಂತವೇ ಉಸಿರು. ಸೇರಬೇಕಾದರೆ ಮೊದಲು ಕಠಿಣ ಲೆಕ್ಕಗಳನ್ನು ಬಿಡಿಸಿ ಕಳಿಸಬೇಕು. ಶುಲ್ಕವಿದೆ, ಆಗದವರಿಗೆ ನೆರವೂ ಇದೆ. 1959ರಲ್ಲಿ ಕ್ಯಾಲಿಫೋರ್ನಿಯಾದ ಓಹಾಯ್‌ನಲ್ಲಿ ಹುಟ್ಟಿದ ಸಮ್ಮರ್ ಸೈನ್ಸ್ ಪ್ರೋಗ್ರಾಮಿನ ಖಗೋಳ ವಿಭಾಗದಲ್ಲಿ ಮಕ್ಕಳು ರಾತ್ರಿ ಎಚ್ಚರವಿದ್ದು, ಭೂಮಿಯ ಸಮೀಪ ಹಾದುಹೋಗುವ ಕ್ಷುದ್ರಗ್ರಹದ ಚಿತ್ರ ತೆಗೆದು, ತಾವೇ ಬರೆದ ಕೋಡಿನಿಂದ ಅದರ ಕಕ್ಷೆಯನ್ನು ಲೆಕ್ಕ ಹಾಕುತ್ತಾರೆ. ಅಲ್ಲಿ ಮನೆಯ ಆದಾಯ ನೋಡಿ ಶುಲ್ಕ. ಇಂಥ ಕಡೆ ಹೋಗಲು ಹಂಬಲಿಸುವ ಮಗುವನ್ನು ಮನಸಾರೆ ಹರಸಿ ಕಳಿಸಬೇಕು. ಆದರೆ ಇವು ತೆಗೆದುಕೊಳ್ಳುವುದು ಬಹಳ ಕಡಿಮೆ ಮಕ್ಕಳನ್ನು. ಸಿಗದಿದ್ದರೆ ಅದರ ಬದಲಿಗೆ ಐದಾರು ಸಾವಿರ ಡಾಲರ್ ತೆತ್ತು ಅದೇ ಊರಿನ ಇನ್ನೊಂದು ಕ್ಯಾಂಪಸ್ಸಿನಲ್ಲಿ ಕೂರಿಸುವುದರಲ್ಲಿ ಅರ್ಥವಿಲ್ಲ. ಎಷ್ಟೋ ಕಡೆ ಆ ಕೋರ್ಸು ವಿಶ್ವವಿದ್ಯಾಲಯದ್ದೂ ಆಗಿರುವುದಿಲ್ಲ. ಹೊರಗಿನ ಕಂಪನಿಯೊಂದು ಹಾಸ್ಟೆಲ್ಲು, ತರಗತಿ ಕೋಣೆಗಳನ್ನು ಬಾಡಿಗೆಗೆ ಹಿಡಿದಿರುತ್ತದೆ.

ವೀಸಾದ ವಿಷಯ ಕನ್ನಡ ಮನೆಗಳಿಗೆ ನೇರವಾಗಿ ತಟ್ಟುವಂಥದ್ದು. ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಗಟ್ಟಲೆ ನಿಂತಿರುವ ಕುಟುಂಬಗಳ ಮಕ್ಕಳು ಎಚ್-4 ವೀಸಾದ ಮೇಲಿರುತ್ತಾರೆ. ಅವರು ಸಂಬಳದ ಕೆಲಸ ಮಾಡುವಂತಿಲ್ಲ. 21 ತುಂಬಿದರೆ ಆ ವೀಸಾವೂ ಕೈಬಿಡುತ್ತದೆ. ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಸೈಮನ್ಸ್ ಸಂಶೋಧನಾ ಕಾರ್ಯಕ್ರಮಕ್ಕೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರಲೇಬೇಕು. ಹತ್ತು ವರ್ಷದಿಂದ ಇಲ್ಲೇ ಓದಿದ ಹುಡುಗಿಗೆ ಈ ಬಾಗಿಲು ಮುಚ್ಚಿರುವುದು ದೊಡ್ಡ ಅನ್ಯಾಯ. ಆ ನೋವನ್ನೇ ಬಂಡವಾಳ ಮಾಡಿಕೊಂಡು 'ಇಲ್ಲಿ ವೀಸಾ ಅಡ್ಡಿಯಿಲ್ಲ' ಎನ್ನುವ ದುಬಾರಿ ಕೋರ್ಸುಗಳು ಎದುರಾಗುತ್ತವೆ. ಅರ್ಜಿಗೆ ಕೈ ಹಾಕುವ ಮೊದಲೇ ಅರ್ಹತೆಯ ನಿಯಮ ಓದಿಕೊಂಡರೆ ಮಗುವಿನ ಆಸೆಯೂ ಮನೆಯ ದುಡ್ಡೂ ಉಳಿಯುತ್ತವೆ.

ಬೇಸಿಗೆಯ ಕೋರ್ಸುಗಳಂತೆಯೇ ಮನೆಗಳು ಪೇರಿಸುವ ಇನ್ನೊಂದು ಸಂಗತಿ ಎಪಿ, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು. ಕಾಲೇಜ್ ಬೋರ್ಡ್ ಪ್ರತಿ ಮೇ ತಿಂಗಳಲ್ಲಿ ನಡೆಸುವ ಇದರ ಪರೀಕ್ಷೆಗೆ 2025ರಲ್ಲಿ ತಲಾ 99 ಡಾಲರ್ ಶುಲ್ಕವಿತ್ತು. ಎಂಟು, ಹತ್ತು, ಹನ್ನೆರಡು ಎಂದು ಎಪಿಗಳನ್ನು ಪೇರಿಸುವ ಮೊದಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೆಕ್ಕವನ್ನು ನೋಡಬೇಕು. ಅದು ಹತ್ತು, ಹನ್ನೊಂದನೇ ಗ್ರೇಡಿನ ವಿಷಯಗಳಿಂದ ಜಿಪಿಎ ತೆಗೆಯುವಾಗ ಎಪಿ, ಆನರ್ಸ್ ಕೋರ್ಸುಗಳಿಗೆ ಕೊಡುವ ಹೆಚ್ಚುವರಿ ಅಂಕವನ್ನು ಎಂಟು ಸೆಮಿಸ್ಟರಿಗೆ, ಅಂದರೆ ವರ್ಷಪೂರ್ತಿಯ ನಾಲ್ಕು ಕೋರ್ಸುಗಳಿಗೆ ನಿಲ್ಲಿಸುತ್ತದೆ. ಅದರಲ್ಲೂ ಹತ್ತನೇ ಗ್ರೇಡಿನದು ನಾಲ್ಕು ಸೆಮಿಸ್ಟರ್ ಮೀರುವಂತಿಲ್ಲ. ಅದಕ್ಕಿಂತ ಹೆಚ್ಚಿನ ಕಷ್ಟದ ಕೋರ್ಸುಗಳೂ ಅರ್ಜಿ ಓದುವವರ ಕಣ್ಣಿಗೆ ಬೀಳುತ್ತವೆ, ಆದರೆ ಆ ಅಂಕ ಮೇಲೇರುವುದಿಲ್ಲ. 2016ರ ಜನವರಿಯಲ್ಲಿ ಹಾರ್ವರ್ಡಿನ ಶಿಕ್ಷಣ ಶಾಲೆಯಿಂದ 'ಟರ್ನಿಂಗ್ ದಿ ಟೈಡ್' ಎಂಬ ವರದಿ ಬಂತು. ಹಲವಾರು ಕಾಲೇಜುಗಳ ಅಡ್ಮಿಷನ್ ಮುಖ್ಯಸ್ಥರು ಅದನ್ನು ಬೆಂಬಲಿಸಿದರು. ಕೋರ್ಸುಗಳ ರಾಶಿ, ಚಟುವಟಿಕೆಗಳ ಉದ್ದ ಪಟ್ಟಿ ಬೇಡ, ಕೆಲವೇ ಕೆಲಸಗಳಲ್ಲಿ ಆಳವಿರಲಿ ಎಂಬುದು ಅದರ ತಿರುಳು. ಇಷ್ಟದ ವಿಷಯದಲ್ಲಿ, ಮುಂದೆ ಓದಲಿರುವ ವಿಭಾಗಕ್ಕೆ ಬೇಕಾದ ವಿಷಯದಲ್ಲಿ ಎಪಿ ಸಾಕು. ಎಷ್ಟು ಎಂಬುದನ್ನು ನಿದ್ದೆ ತೀರ್ಮಾನಿಸಲಿ: ಈ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆನ್ನುವುದು ಅಮೆರಿಕದ ನಿದ್ರಾವೈದ್ಯರ ಸಂಘದ ಸಲಹೆ. ಮಕ್ಕಳ ನಿದ್ದೆಗಾಗಿಯೇ ಕ್ಯಾಲಿಫೋರ್ನಿಯಾ 2022ರ ಜುಲೈಯಿಂದ ಹೈಸ್ಕೂಲುಗಳು ಬೆಳಗ್ಗೆ 8:30ಕ್ಕೆ ಮೊದಲು ಶುರುವಾಗದಂತೆ ಕಾನೂನು ಜಾರಿಗೆ ತಂದಿತು. ಕಾನೂನು ಗಳಿಸಿಕೊಟ್ಟ ಆ ನಿದ್ದೆಯನ್ನು ಆರನೇ ಎಪಿ ಕಸಿದುಕೊಳ್ಳಬಾರದು.

ಮಕ್ಕಳ ಹೆಸರಿನಲ್ಲಿ ಸಂಶೋಧನಾ ಲೇಖನ ಬರೆಸಿ ಪ್ರಕಟಿಸಿಕೊಡುವ ವ್ಯಾಪಾರವೂ ಬೆಳೆದಿದೆ. 2023ರಲ್ಲಿ ಪ್ರೊಪಬ್ಲಿಕಾ ಪತ್ರಕರ್ತರು ಇದನ್ನು ಬಯಲಿಗೆಳೆದರು. ಸಾವಿರಾರು ಡಾಲರ್ ಕೊಟ್ಟು ಹದಿನಾರರ ಹುಡುಗನಿಗೆ ಕಲಿಸುವ ಮೊದಲ ಪಾಠ ದುಡ್ಡಿಗೆ ಹೆಸರು ಸಿಗುತ್ತದೆ ಎಂಬುದಾಗಬಾರದು.

ಹಾಗಾದರೆ ಬೇಸಿಗೆಯಲ್ಲಿ ಮಾಡುವುದೇನು? ಹತ್ತಿರದಲ್ಲೇ ಇರುವ ಕಮ್ಯುನಿಟಿ ಕಾಲೇಜಿನ ಹೆಸರೆತ್ತಿದರೆ ಕನ್ನಡ ಮನೆಗಳಲ್ಲಿ ಈಗಲೂ ಮೂಗು ಮುರಿಯುವವರಿದ್ದಾರೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲು ಮಕ್ಕಳು ಸಾಮಾನ್ಯವಾಗಿ ಬೋಧನಾ ಶುಲ್ಕವಿಲ್ಲದೆ ಅಲ್ಲಿ ಕೋರ್ಸು ಮಾಡಬಹುದು. ಭೂವಿಜ್ಞಾನ, ತತ್ತ್ವಶಾಸ್ತ್ರ, ಸಿನಿಮಾ ಇತಿಹಾಸ ಹೀಗೆ ಶಾಲೆಯಲ್ಲಿ ಸಿಗದ ವಿಷಯವೊಂದನ್ನು ಒಂದು ಬೇಸಿಗೆ ಕಲಿತರೆ ಅದು ಟ್ರಾನ್ಸ್‌ಕ್ರಿಪ್ಟಿನಲ್ಲೇ ನಿಲ್ಲುತ್ತದೆ. ಹೈಸ್ಕೂಲು ಮುಗಿಸಿ ಅಲ್ಲಿ ಎರಡು ವರ್ಷ ಚೆನ್ನಾಗಿ ಓದಿದವರಿಗೆ ಡೇವಿಸ್, ಅರ್ವೈನ್, ಸಾಂಟಾ ಬಾರ್ಬರಾ ಸೇರಿದಂತೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆರು ಕ್ಯಾಂಪಸ್ಸುಗಳು ಷರತ್ತುಗಳೊಂದಿಗೆ ಪ್ರವೇಶದ ಖಾತರಿಯನ್ನೇ ಕೊಡುತ್ತವೆ. ಒಂದೂವರೆ ಲಕ್ಷದ ಹತ್ತಿರ ಹೊಸ ಅರ್ಜಿಗಳು ಬಂದು ಸುಮಾರು 9% ಮಕ್ಕಳಿಗಷ್ಟೇ ಕರೆ ಬರುವ ಯುಸಿಎಲ್‌ಎಗೂ, ಅಲ್ಲಿ ಆ ಖಾತರಿ ಇಲ್ಲದಿದ್ದರೂ, ಕಮ್ಯುನಿಟಿ ಕಾಲೇಜಿನ ದಾರಿಯಿಂದ ಹೋಗುವವರು ಪ್ರತಿ ವರ್ಷ ಸಾವಿರಗಟ್ಟಲೆ.

ದುಡಿಯುವ ಅನುಮತಿ ಇದ್ದವರಿಗೆ ಕಿರಾಣಿ ಅಂಗಡಿಯ ಕೌಂಟರ್, ಈಜುಕೊಳದ ಕಾವಲು ಒಳ್ಳೆಯ ಶಾಲೆಗಳೇ. ಸಾವಿರಕ್ಕೂ ಹೆಚ್ಚು ಕಾಲೇಜುಗಳು ಬಳಸುವ ಕಾಮನ್ ಅಪ್ಲಿಕೇಶನ್ನಿನಲ್ಲಿ ಚಟುವಟಿಕೆಗೆಂದು ಇರುವುದು ಹತ್ತೇ ಸಾಲು. ಆ ಪಟ್ಟಿಯಲ್ಲಿ ಸಂಬಳದ ಕೆಲಸಕ್ಕೆ ಒಂದು ವಿಭಾಗವಿದೆ, ಮನೆಯ ಹೊಣೆಗಾರಿಕೆಗೂ ಒಂದಿದೆ. ಹಾಸನದಿಂದಲೋ ಶಿರಸಿಯಿಂದಲೋ ಆರು ತಿಂಗಳಿಗೆಂದು ಬಂದ ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆ ನೋಡಿಕೊಂಡು, ಡಾಕ್ಟರ ಬಳಿ ದುಭಾಷಿಯಾಗಿ ನಿಂತ ಹುಡುಗ ಅದನ್ನು ಧಾರಾಳವಾಗಿ ಬರೆಯಬಹುದು. ಇದು ಬರೆಯುವಂಥ ಸಂಗತಿಯೆಂದು ಹೇಳುವವರು ಮನೆಯಲ್ಲಿ ಇಲ್ಲದಿರುವುದೇ ಬೇಸರದ ವಿಷಯ.

ಹೆಸರಾಂತ ಕಾಲೇಜಿನಿಂದ ಏನೂ ಲಾಭವಿಲ್ಲ ಎಂದರೆ ಸುಳ್ಳಾದೀತು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರ 2023ರ ಅಧ್ಯಯನದಂತೆ ಅಂಥ ಕಾಲೇಜುಗಳಲ್ಲಿ ಓದಿದವರು ದೇಶದ ಅತಿ ಹೆಚ್ಚು ಗಳಿಕೆಯ 1% ಮಂದಿಯ ಸಾಲಿಗೆ ಸೇರುವ ಸಾಧ್ಯತೆ ಹೆಚ್ಚು. ಆದರೆ ಸರಾಸರಿ ಗಳಿಕೆಯಲ್ಲಿ ದೊಡ್ಡ ವ್ಯತ್ಯಾಸ ಅವರಿಗೂ ಕಾಣಲಿಲ್ಲ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲೇ ಸರಿಸುಮಾರು ಇದನ್ನೇ ಕಂಡಿದ್ದರು. ಬಡ ಮನೆಗಳ ಮಕ್ಕಳಿಗೆ ಮಾತ್ರ ಲಾಭ ಎದ್ದು ಕಾಣುತ್ತಿತ್ತು. ಓದಿದ ತಂದೆತಾಯಿಯರ ಮನೆಯಲ್ಲಿ ಬೆಳೆದ ಶ್ರದ್ಧೆಯ ಮಗು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದಿದರೂ ಚೆನ್ನಾಗಿಯೇ ಬಾಳುತ್ತದೆ.

ಮನೆಗಳ ಈ ಆತಂಕವನ್ನು ಕಳೆಯುವ ಕೆಲಸದಲ್ಲಿ ಕನ್ನಡ ಕೂಟಗಳ ಪಾಲು ದೊಡ್ಡದು. ಒಳ್ಳೆಯ ಬೇಸಿಗೆ ಕಾರ್ಯಕ್ರಮಗಳ ಅರ್ಜಿಗಳು ಹೆಚ್ಚಾಗಿ ಡಿಸೆಂಬರಿನಿಂದ ಮಾರ್ಚ್‌ನೊಳಗೆ ಮುಗಿಯುತ್ತವೆ. ಹಾಗಾಗಿ ದೀಪಾವಳಿ ಕಾರ್ಯಕ್ರಮದ ಮಧ್ಯಾಹ್ನವೇ ಸರ್ಕಾರಿ ಹೈಸ್ಕೂಲಿನ ಕೌನ್ಸೆಲರ್ ಒಬ್ಬರನ್ನು ಕರೆಸಿ ಒಂದು ಗಂಟೆ ಮಾತಾಡಿಸಬೇಕು. ದುಬಾರಿ ಕೋಚಿಂಗ್ ಸಂಸ್ಥೆಗಳ ಪ್ರಾಯೋಜಕತ್ವವನ್ನು ಒಂದು ವರ್ಷ ನಿರಾಕರಿಸಿ ನೋಡಬೇಕು. ಹೈಸ್ಕೂಲು ಮುಗಿಸಿದ ಮಕ್ಕಳನ್ನು ವೇದಿಕೆಗೆ ಕರೆದು ಸನ್ಮಾನಿಸುವ ಕೂಟಗಳು ಕಮ್ಯುನಿಟಿ ಕಾಲೇಜಿಗೆ ಹೊರಟ ಹುಡುಗಿಯ ಹೆಸರನ್ನೂ, ಸ್ಟ್ಯಾನ್‌ಫರ್ಡಿಗೆ ಹೊರಟವಳ ಹೆಸರಿನಷ್ಟೇ ಗಟ್ಟಿಯಾಗಿ ಕೂಗಬೇಕು. ಈ ಹಾಳೆಯನ್ನು ಓದಿದವರು ಎಂಟನೇ ಗ್ರೇಡಿನ ಮಗುವಿರುವ ಮನೆಗೆ ದಾಟಿಸಬೇಕು.