ಹೆಬ್ಬೆರಳು ಕೇಳಿದ ಗುರು, ಪಾದ ತೊಳೆದ ಗುರು

ಗುರುಭಕ್ತಿ ಅಂದ ಕೂಡಲೇ ನಮಗೆಲ್ಲ ಏಕಲವ್ಯನ ಕಥೆ ಹೇಳಿಕೊಟ್ಟರು. ಕಲಿಸದ ಗುರು ಹೆಬ್ಬೆರಳು ಕೇಳಿದ, ಕಾಡಿನ ಹುಡುಗ ಕೊಯ್ದು ಕೊಟ್ಟ, ನಾವು ಚಪ್ಪಾಳೆ ತಟ್ಟಬೇಕು. ಆ ಗುರುವಿಗೆ ಬೇಕಾಗಿದ್ದದ್ದೇನು? ಬೇಡರ ಹುಡುಗ ಅರಸುಮಕ್ಕಳ ಸಮಕ್ಕೆ ಬರಬಾರದು, ಅಷ್ಟೆ. ಇದನ್ನು ವಿದ್ಯೆ ಅಂತ ಕರೆಯೋದಕ್ಕೆ ನಾವು ತಯಾರಿಲ್ಲ.

ಇವನ ಪಕ್ಕದಲ್ಲಿ ಇನ್ನೊಬ್ಬ ಗುರುವನ್ನು ಇಟ್ಟು ನೋಡೋಣ. ನಜರೇತಿನ ಬಡಗಿ ಯೇಸು. ಹಿಡಿದುಕೊಟ್ಟ ರಾತ್ರಿ, ಊಟದ ಹೊತ್ತಿನಲ್ಲಿ ಎದ್ದು ಸೊಂಟಕ್ಕೆ ಬಟ್ಟೆ ಕಟ್ಟಿ, ಬೋಗುಣಿಗೆ ನೀರು ಹುಯ್ದು ಶಿಷ್ಯರ ಪಾದ ತೊಳೆದ ಅಂತ ಯೋಹಾನನ ಸುವಾರ್ತೆ ಹೇಳುತ್ತದೆ. ಅದು ಆಳಿನ ಕೆಲಸ. ಪೇತ್ರ ಬೇಡವೇ ಬೇಡ ಅಂದ. ಗುರು ಬಿಡಲಿಲ್ಲ. ನೀವೂ ಒಬ್ಬರಿಗೊಬ್ಬರು ಹೀಗೇ ಮಾಡಿ ಅಂದ. ಪಳಗಿದ ಶಿಷ್ಯ ಗುರುವಿನಂತೆಯೇ ಆಗ್ತಾನೆ ಎಂಬ ಅರ್ಥದ ಮಾತು ಲೂಕನ ಸುವಾರ್ತೆಯಲ್ಲಿದೆ. ದ್ರೋಣನ ಶಾಲೆಯಲ್ಲಿ ಈ ಮಾತಿಗೆ ಜಾಗ ಎಲ್ಲಿ?

ಆದರೆ ಗುರುವಿನಂತೆ ಆಗುವುದು ಅಂದರೆ ಗುರುವಿಗೆ ಬಂದದ್ದು ತನಗೂ ಬರಬಹುದು ಅಂತಲೂ ಅರ್ಥ. ಯೇಸು ಇದನ್ನು ಮುಚ್ಚಿಡಲಿಲ್ಲ. ಮನೆಯ ಯಜಮಾನನನ್ನೇ ದೆವ್ವ ಅಂದವರು ಮನೆಮಂದಿಯನ್ನು ಬಿಡ್ತಾರೆಯೇ ಎಂದು ಎಚ್ಚರಿಸಿದ. ಶಿಲುಬೆ ಆಗ ಚಿನ್ನದ ಸರದ ಪದಕವಾಗಿರಲಿಲ್ಲ. ರೋಮಿನ ಆಳರಸರು ಗುಲಾಮರಿಗೂ ದಂಗೆ ಎದ್ದವರಿಗೂ ಕೊಡುತ್ತಿದ್ದ ಸಾವು ಅದು.

ಇಲ್ಲಿ ಒಂದು ಮೋಸವೂ ನಡೆದಿದೆ. ಅಮೆರಿಕದ ತೋಟದ ಧಣಿಗಳ ಪಾದ್ರಿಗಳು ಕಪ್ಪು ಗುಲಾಮರಿಗೆ ಇದೇ ಬೈಬಲ್ ಹಿಡಿದು, ಧಣಿಗೆ ತಗ್ಗಿ ನಡೆಯಿರಿ, ಪರಲೋಕದಲ್ಲಿ ಸುಖ ಇದೆ ಅಂತ ಬೋಧಿಸಿದರು. ನಮ್ಮಲ್ಲಿ ಅದನ್ನೇ ಕರ್ಮ ಅಂದರು. ಮಾತು ಬೇರೆ, ಕಟ್ಟುವ ಹಗ್ಗ ಒಂದೇ. ನಾವು ಸ್ಪಷ್ಟವಾಗಿ ಹೇಳುತ್ತೇವೆ: ಹಸಿವು ಶಿಲುಬೆಯಲ್ಲ. ಜೀತ ಶಿಲುಬೆಯಲ್ಲ. ತಲೆಯ ಮೇಲಿನ ಮಲದ ಬುಟ್ಟಿ ಶಿಲುಬೆಯಲ್ಲ. ಅವು ಇನ್ನೊಬ್ಬರು ಹೇರಿದ ಅನ್ಯಾಯ, ಕಿತ್ತು ಬಿಸಾಡಬೇಕಾದದ್ದು. ಆ ಅನ್ಯಾಯದ ಎದುರು ನಿಂತಾಗ ಮೈಮೇಲೆ ಬೀಳುವ ಪೆಟ್ಟು ಇದೆಯಲ್ಲ, ಅದು ಶಿಲುಬೆ. ಬಗ್ಗಿದ್ದಕ್ಕೆ ಬರುವ ನೋವೇ ಬೇರೆ, ಎದ್ದು ನಿಂತದ್ದಕ್ಕೆ ಬರುವ ನೋವೇ ಬೇರೆ.

ಈ ವ್ಯತ್ಯಾಸ ಅರಿತಿದ್ದವನು ಮಾರ್ಟಿನ್ ಲೂಥರ್ ಕಿಂಗ್. ಪಾದ್ರಿಯ ಮಗ, ತಾನೂ ಪಾದ್ರಿ, 1955ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದವನು. ಚರ್ಚಿನ ಸಂಬಳ ತಿಂದು ತೆಪ್ಪಗಿರಬಹುದಿತ್ತು. ಮಾಂಟ್ಗೊಮರಿಯ ಬಸ್ ಬಹಿಷ್ಕಾರಕ್ಕೆ ಇಳಿದ. 1956ರ ಜನವರಿಯಲ್ಲಿ ಅವನ ಮನೆಗೆ ಬಾಂಬ್ ಬಿತ್ತು. 1963ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಶುಭ ಶುಕ್ರವಾರದ ದಿನವೇ ಜೈಲಿಗೆ ಹೋದ. ಆಗ ಎಂಟು ಮಂದಿ ಬಿಳಿಯ ಧರ್ಮಗುರುಗಳು ಇದು ಸಕಾಲವಲ್ಲ ಅಂತ ಬುದ್ಧಿ ಹೇಳಿದರು. ಗುರುವಿನ ಹೆಸರು ಹೇಳುವವರೇ ಗುರುವಿನ ದಾರಿಗೆ ಅಡ್ಡ ಬಂದರು!

1968ರ ಫೆಬ್ರವರಿ 1ರಂದು ಮೆಂಫಿಸ್ ನಗರದಲ್ಲಿ ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಕಪ್ಪು ಪೌರಕಾರ್ಮಿಕರು ಮಳೆಗೆ ಮರೆಯಾಗಿ ಕಸದ ಲಾರಿಯ ಹಿಂಭಾಗದಲ್ಲಿ ನಿಂತರು. ಕಸ ಅದುಮುವ ಯಂತ್ರ ಅವರನ್ನೇ ಅದುಮಿ ಕೊಂದಿತು. ಫೆಬ್ರವರಿ 12ರಿಂದ ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ನಾನೂ ಮನುಷ್ಯ ಎಂಬ ಫಲಕ ಎತ್ತಿ ಬೀದಿಯಲ್ಲಿ ನಡೆದರು. ಕಿಂಗ್‌ಗೆ ಆಗಲೇ ನೊಬೆಲ್ ಬಂದು ಮೂರು ವರ್ಷ ದಾಟಿತ್ತು. ಜೊತೆಯವರೇ ಅಲ್ಲಿಗೆ ಹೋಗಬೇಡ ಅಂದರು. ಹೋದ. ಏಪ್ರಿಲ್ 4ರಂದು ಅಲ್ಲಿಯೇ ಗುಂಡಿಗೆ ಬಲಿಯಾದ. ಆಗ ಅವನ ವಯಸ್ಸು 39. ಏಪ್ರಿಲ್ 16ಕ್ಕೆ ನಗರಾಡಳಿತ ಕಾರ್ಮಿಕರ ಸಂಘವನ್ನು ಒಪ್ಪಿಕೊಂಡಿತು, ಕೂಲಿ ಏರಿಸಿತು. ಪಾದ ತೊಳೆಯುವುದು ಅಂದರೆ ಇದು. ವರ್ಷಕ್ಕೊಂದು ದಿನ ಬೆಳ್ಳಿ ಬಟ್ಟಲಿನಲ್ಲಿ ಮಾಡುವ ಶಾಸ್ತ್ರ ಅಲ್ಲ.

ನಮ್ಮ ನಾಡಿನ ಚರ್ಚುಗಳ ಕಥೆಯೇನು? ಜಾತಿ ಅಲ್ಲಿಗೂ ಹೋಗಿ ಕೂತಿದೆ. ಸತ್ತ ಮೇಲೂ ದಲಿತ ಕ್ರೈಸ್ತರಿಗೆ ಬೇರೆ ಸ್ಮಶಾನ ತೋರಿಸಿದ ಊರುಗಳಿವೆ. ಪಾದ ತೊಳೆದವನ ಶಿಷ್ಯರು ಹೆಣ ಮುಟ್ಟಲು ಹಿಂಜರಿದರೆ ಅವರ ಗುರು ಯಾರು, ಯೇಸುವೋ ಮನುವೋ? ಈ ಪ್ರಶ್ನೆ ಒಳಗಿನಿಂದಲೇ ಎದ್ದಿದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ತಳಸಮುದಾಯದ ಕಣ್ಣಿನಿಂದ ದೇವಶಾಸ್ತ್ರ ಕಟ್ಟಬೇಕು ಎಂದರು. ಮುಂದೆ ಯೇಸುವೇ ಒಬ್ಬ ದಲಿತ ಎಂದು ವಾದಿಸಿದರು. ಅದು ದಲಿತ ದೇವಶಾಸ್ತ್ರವಾಗಿ ಬೆಳೆಯಿತು.

ಹಾಸ್ಟೆಲಿನ ಗೆಳೆಯರೇ, ನಾವು ಯಾರನ್ನೂ ಯಾವ ಮತಕ್ಕೂ ಕರೆಯುತ್ತಿಲ್ಲ. ಗುರುವಿನ ಲೆಕ್ಕ ಕೇಳುತ್ತಿದ್ದೇವೆ. ನಮ್ಮ ರೂಮುಗಳ ಗೋಡೆ ಮೇಲೂ ಗುರುಗಳ ಫೋಟೋ ಇವೆ. ಹಾರ ಹಾಕಿ, ಜೈಕಾರ ಕೂಗಿ, ಡಿಗ್ರಿ ಮುಗಿಸಿ, ನೌಕರಿ ಸಿಕ್ಕ ಮೇಲೆ ಕೇರಿಯ ದಾರಿಯನ್ನೇ ಮರೆತರೆ ನಾವು ಶಿಷ್ಯರಲ್ಲ, ಬರೀ ಭಕ್ತರು. ಭಕ್ತನಿಗೆ ಖರ್ಚು ಒಂದು ಹೂವಿನ ಹಾರ. ಶಿಷ್ಯನಿಗೆ ಖರ್ಚು ಬದುಕು. ಹಾಗಂತ ಸಾಯೋದಕ್ಕೆ ಹೊರಡಿ ಅಂತ ನಾವು ಹೇಳೋದಿಲ್ಲ. ಕಿಂಗ್ ಮೆಂಫಿಸ್‌ಗೆ ಹೋದದ್ದು ಸಾಯೋದಕ್ಕಲ್ಲ, ಕಾರ್ಮಿಕರ ಜೊತೆ ನಡೆಯೋದಕ್ಕೆ. ನೋವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಜೊತೆಗೆ ನಡೆದರೆ ಅದೇ ಹುಡುಕಿಕೊಂಡು ಬರುತ್ತೆ.

1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ಬಂದರೂ ನಮ್ಮವರು ಮ್ಯಾನ್‌ಹೋಲಿಗೆ ಇಳಿದು ಸಾಯೋದು ನಿಂತಿಲ್ಲ. ನಮ್ಮ ಮೆಂಫಿಸ್ ಹಾಸ್ಟೆಲ್ ಗೇಟಿನ ಆಚೆಗೇ ಇದೆ. ಓದಿದವರು ಮೊದಲು ಅಲ್ಲಿಗೆ ನಡೆಯಲಿ.