ಮೋಟಾರುಗಾಡಿಯ ಪಂಖ ನಿಂತಾಗ

ಆಳಂದ ಸೀಮೆಯಲ್ಲಿ ಕುಳಿತು ಮೋಟಾರಿನ ಹೀಟರಿನ ವಿಚಾರವನ್ನು ಬರೆಯಹೊರಟರೆ ವಾಚಕರು ನಕ್ಕಾರು. ಬೇಸಗೆಯಲ್ಲಿ 40 ಅಂಶವನ್ನು ಮೀರುವ ಬಿಸಿಲನ್ನುಣ್ಣುವ ಕಲಬುರಗಿ ಜಿಲ್ಲೆಯವರಿಗೆ ಕಾಸಿದ ಗಾಳಿ ಯಾತಕ್ಕೆ? ನಾವೂ ಹೀಗೆಯೇ ಎಣಿಸಿದ್ದೆವು. ಎಳ್ಳಮಾವಾಸ್ಯೆಯ ದಿನ ಜಿಡಗಾದ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ ಕಡಬುಗಳನ್ನುಂಡು, ಮಕ್ಕಳೊಡನೆ ಆರು ಮಂದಿ ಹಳೆಯ ಗಾಡಿಯಲ್ಲಿ ತಿರುಗಿ ಹೊರಟಾಗ ಕತ್ತಲಾಗಿದ್ದಿತು. ಚಳಿಗೆ ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು. ಅರ್ಧ ಹರದಾರಿ ಹೋಗುವಷ್ಟರಲ್ಲಿ ಮುಂದಿನ ಗಾಜೆಲ್ಲ ಹಬೆ ಹಿಡಿದು ಬೆಳ್ಳಗಾಯಿತು. ಪಂಖದ ಗುಂಡಿಯನ್ನು ತಿರುವಿದರೆ ಸದ್ದಿಲ್ಲ. ಮಗುವೊಂದು ಟವೆಲ್ಲಿನಿಂದ ಗಾಜನ್ನೊರೆಸುತ್ತಿರಲು, ಹಿಂದೆ ಕೆಂಪು ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು ಹತ್ತೇ ಮಾರು ಮುಂದೆ ಕಾಣಿಸಿತು. ಬ್ರೇಕು ಹಿಡಿದದ್ದರಿಂದ ಉಳಿದೆವು.

ನಮ್ಮ ಉಸಿರಿನ ತೇವವು ತಣ್ಣನೆಯ ಗಾಜಿಗೆ ತಗುಲಿ ಹನಿಯಾಗುವದೇ ಈ ಹಬೆ. ಬೆಚ್ಚನೆಯ ಗಾಳಿಯನ್ನು ಗಾಜಿನ ಮೇಲೆ ಬಿಟ್ಟರೆ ಅದು ಆರುವದು. ಆ ಬಿಸಿಗಾಗಿ ಹೆಚ್ಚಿನ ಪೆಟ್ರೋಲು ಬೇಡ. ಇಂಜಿನನ್ನು ತಂಪುಮಾಡಿ ಬರುವ ಕಾದ ನೀರೇ ಹೀಟರಿನೊಳಗೆ ಹರಿಯುವದು. ಅದನ್ನು ದಾಟಿಸಿ ಗಾಳಿಯನ್ನು ಒಳಕ್ಕೆ ನೂಕುವ ಕೆಲಸ ಮಾತ್ರ ಪಂಖದ್ದು. ಬೇಸಗೆಯಲ್ಲಿ ತಂಪುಗಾಳಿಯನ್ನು ಬೀಸುವದೂ ಈ ಪಂಖವೇ ಎಂಬುದನ್ನು ಮರೆತು ಎಷ್ಟೋ ಜನರು ಹೀಟರು ಕೆಟ್ಟರೆ ಕೆಡಲಿ ಎಂದು ಬಿಡುತ್ತಾರೆ.

ಮರುದಿನ ಪೇಟೆಯ ಮಿಸ್ತ್ರಿಯೊಬ್ಬನು ಗಾಡಿಯ ಒಳಗೆ ಕೈಯನ್ನೂ ಹಾಕದೆ, ಮೋಟಾರೇ ಸುಟ್ಟಿದೆ, ಹೊಸದನ್ನು ಹಾಕಿಸಬೇಕು ಎಂದನು. ಅವನ ಮಾತನ್ನು ನಂಬುವದರಲ್ಲಿಯೇ ಇದ್ದೆವು. ಆದರೆ ಮನೆಗೆ ಬಂದು ಬೀಗದ ಕೈಯನ್ನು ತಿರುವಿ, ಗುಂಡಿಯನ್ನು ಒಂದೊಂದೇ ಗುರುತಿಗೆ ಸರಿಸುತ್ತ ಹೋದಾಗ ನಮಗೆ ನಾಚಿಕೆಯಾಯಿತು. ಮೊದಲಿನ ಗುರುತುಗಳಲ್ಲಿ ನಿಶ್ಚಲವಾಗಿದ್ದ ಪಂಖವು ಕಡೆಯ ಗುರುತಿನಲ್ಲಿ ಕರಕರನೆ ಸದ್ದು ಮಾಡುತ್ತ ತಿರುಗಿತು! ಹಿಂದಿನ ರಾತ್ರಿ ಗಾಬರಿಯಲ್ಲಿ ಅಲ್ಲಿಯವರೆಗೆ ತಿರುವಿ ನೋಡುವದು ಯಾರಿಗೂ ಹೊಳೆದಿರಲಿಲ್ಲ.

ಈ ಲಕ್ಷಣದ ಅರ್ಥ ಸ್ಪಷ್ಟವಾಗಿದೆ. ಕಡಿಮೆ ವೇಗಗಳಿಗೆ ವಿದ್ಯುತ್ತು ರೆಸಿಸ್ಟರ್ ಎಂಬ ಸುರುಳಿತಂತಿಗಳ ಸಣ್ಣ ಸಾಧನದೊಳಗಿಂದ ಬರುವದು. ಕಡೆಯ ವೇಗಕ್ಕೆ ಅದನ್ನು ಬಿಟ್ಟು ನೇರವಾಗಿ ಬರುವದು. ಆದುದರಿಂದ ಕಡೆಯ ವೇಗವೊಂದೇ ನಡೆದರೆ ಸಾಮಾನ್ಯವಾಗಿ ದೋಷವು ರೆಸಿಸ್ಟರಿನದು. ಮೋಟಾರಿಗಿಂತ ಬಹು ಅಗ್ಗದ ವಸ್ತು. ಹಳೆಯ ಗಾಡಿಗಳಲ್ಲಿ ಹೆಚ್ಚಾಗಿ ಎಡಗಡೆಯ ಡಬ್ಬಿಯ ಹಿಂದೆ, ಗಾಳಿಯ ದಾರಿಯಲ್ಲಿಯೇ, ಎರಡು ಸ್ಕ್ರೂಗಳಿಂದ ಕೂಡಿಸಲ್ಪಟ್ಟಿರುವದು. ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿದ ಮೇಲೆಯೇ ಇದಕ್ಕೆ ಕೈಹಾಕತಕ್ಕದ್ದು. ಎಡಗಡೆ ಏರ್‌ಬ್ಯಾಗು ಇರುವ ಗಾಡಿಯಾದರೆ ತಿಳಿದವರಿಗೇ ಬಿಡುವದು ಲೇಸು.

ಒಂದು ಗುರುತಿನಲ್ಲಿಯೂ ಪಂಖವು ತಿರುಗದಿದ್ದರೆ ಮೊದಲು ಫ್ಯೂಜನ್ನು ನೋಡಬೇಕು. ಅದು ನೆಟ್ಟಗಿದ್ದರೆ, ಮೋಟಾರಿನ ಪ್ಲಗ್ಗನ್ನು ಕಳಚಿ, ಗುಂಡಿಯನ್ನು ಕಡೆಯ ಗುರುತಿಗಿಟ್ಟು, ಅದರ ಎರಡು ತುದಿಗಳಿಗೆ 12 ವೋಲ್ಟಿನ ಸಣ್ಣ ದೀಪವನ್ನು ಹಿಡಿಯಬೇಕು. ದೀಪ ಹತ್ತಿದರೆ ವಿದ್ಯುತ್ತು ಅಲ್ಲಿಯವರೆಗೆ ಬಂದಿದೆ, ತಪ್ಪು ಮೋಟಾರಿನದು. ಅದರ ಮೈಯನ್ನು ಮೆಲ್ಲಗೆ ತಟ್ಟಿದಾಗ ಎಚ್ಚರಗೊಂಡು ತಿರುಗಿದರೆ ಒಳಗಿನ ಕಾರ್ಬನ್ ಬ್ರಶ್ಶುಗಳು ಸವೆದಿರುವ ಸಂಭವವುಂಟು. ದೀಪ ಹತ್ತದಿದ್ದರೆ ಸ್ವಿಚ್ಚು, ತಂತಿ, ಭೂಸಂಪರ್ಕ ಇವುಗಳಲ್ಲಿ ಹುಡುಕಬೇಕು. ಪ್ಲಗ್ಗಿನ ಪ್ಲಾಸ್ಟಿಕ್ಕು ಕಂದಿ ಕರಗಿದ್ದರೆ ದೂರ ಹೋಗಬೇಕಾಗಿಲ್ಲ. ಪಂಖವು ಚೆನ್ನಾಗಿ ತಿರುಗಿಯೂ ಗಾಜಿನ ಮೇಲೆ ಜಿಡ್ಡಿನಂಥ ಪೊರೆ ಕೂಡುತ್ತಿದ್ದು ಒಳಗೆ ಸಿಹಿ ವಾಸನೆ ಬರುತ್ತಿದ್ದರೆ ಹೀಟರಿನ ನೀರು ಸೋರುತ್ತಿದೆಯೆಂದು ತಿಳಿಯಬೇಕು. ಅದು ಬೇರೆಯ ರೋಗ.

ಫ್ಯೂಜು ಮತ್ತೆ ಮತ್ತೆ ಸುಡುತ್ತಿದ್ದರೆ ದೊಡ್ಡ ಫ್ಯೂಜನ್ನೋ ತಂತಿಯ ತುಂಡನ್ನೋ ಸಿಕ್ಕಿಸುವ ರೂಢಿ ನಮ್ಮಲ್ಲಿ ಬಹಳ. ಇದು ನಮಗೆ ಸರ್ವಥಾ ಒಪ್ಪಿಗೆಯಿಲ್ಲ. 15 ಆಂಪಿಯರ್ ಎಂದು ಬರೆದಲ್ಲಿ 30ರದನ್ನು ಹಾಕಿದರೆ ಫ್ಯೂಜಿನ ಬದಲು ತಂತಿಯೇ ಕಾದು ಹೊತ್ತುವದು. ಆ ತಂತಿಯು ಕುಳಿತವರ ಮೊಣಕಾಲಿನ ಮುಂದೆಯೇ ಇರುವದು.

ಇನ್ನು ನಮ್ಮ ರೆಸಿಸ್ಟರ್ ಸುಟ್ಟುದೇಕೆ? ಹೊಸದನ್ನು ಹಾಕಿ ಸುಮ್ಮನಿದ್ದರೆ ತಿಂಗಳೊಪ್ಪತ್ತಿನಲ್ಲಿ ಅದೂ ಹೋಗುತ್ತಿದ್ದಿತು. ಕಾಯುವ ಆ ಸುರುಳಿಯನ್ನು ತಣಿಸುವದು ಪಂಖದ ಗಾಳಿಯೇ. ಗಾಳಿ ಕಡಿಮೆಯಾದರೆ ಅದು ತಣಿಯದು. ಪಂಖದ ತಿರುಗು ಭಾರವಾದರೆ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆದು ಅದನ್ನು ಇನ್ನಷ್ಟು ಕಾಯಿಸುವದು. ಪಂಖವನ್ನು ಕಳಚಿ ನೋಡಿದಾಗ ಅದರ ಎಸಳುಗಳ ನಡುವೆ ಬೊಗಸೆಯಷ್ಟು ತೊಗರಿಯ ಹೊಟ್ಟು, ಬೇವಿನೆಲೆ, ಇಲಿ ತಂದಿಟ್ಟ ಹತ್ತಿ ಹೊರಬಿದ್ದವು. ರಾಶಿಯ ಕಾಲದಲ್ಲಿ ಕಣದ ಪಕ್ಕದಲ್ಲಿಯೇ ಗಾಡಿ ನಿಲ್ಲಿಸಿದ್ದ ಅಪರಾಧ ನಮ್ಮದೇ. ಮುಂದಿನ ಗಾಜಿನ ಬುಡದ ಜಾಲರಿಯಿಂದ ಹೊಟ್ಟು ಒಳಹೊಕ್ಕಿದ್ದಿತು. ಹಳೆಯ ಗಾಡಿಗಳು ಅನೇಕವು ಗಾಳಿಯನ್ನು ಸೋಸುವ ಫಿಲ್ಟರಿಲ್ಲದವು. 1983ರಲ್ಲಿ ಮೊದಲು ಬಂದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರಂಥ ಗಾಡಿಗಳನ್ನು ಇಂದಿಗೂ ಇಟ್ಟುಕೊಂಡವರು ವರುಷಕ್ಕೊಮ್ಮೆ, ರಾಶಿ ಮುಗಿದ ಮೇಲೆ, ಈ ಜಾಲರಿಯನ್ನೂ ಪಂಖವನ್ನೂ ಬಿಡಿಸಿ ನೋಡುವದು ಒಳ್ಳೆಯದು.

ಒಣ ಕುಂಚದಿಂದ ಪಂಖವನ್ನು ಗುಡಿಸಿ, ಕೈಯಿಂದ ಸಲೀಸಾಗಿ ತಿರುಗುವದನ್ನು ಕಂಡು, ಕಲಬುರಗಿಯಿಂದ ತಂದ ರೆಸಿಸ್ಟರನ್ನು ಕೂಡಿಸಿದೆವು. ಕರಕರ ಸದ್ದು ಹೋಯಿತು. ಎಲ್ಲ ವೇಗಗಳೂ ಬಂದವು. ಬನದ ಹುಣ್ಣಿಮೆಗೆ ಅದೇ ಹಾದಿಯಲ್ಲಿ ಬೆಳಗಿನ ಜಾವ ಹೊರಟಾಗ, ಟವೆಲ್ಲನ್ನು ಹಿಡಿದು ಮುಂದೆ ಕುಳಿತ ಮಗುವಿಗೆ ಕೆಲಸವಿಲ್ಲದೆ ನಿದ್ದೆ ಹತ್ತಿತು.