ನುಚ್ಚಕ್ಕಿಯ ಚೀಲಕ್ಕೆ ಮೊದಲ ಗಿರಾಕಿ ಯಾರು?

ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಬ್ಯಾನರುಗಳನ್ನು ನಿಷೇಧಿಸಿ ರಾಜ್ಯ ಸರ್ಕಾರ 2016ರ ಮಾರ್ಚ್ 11ರಂದು ಅಧಿಸೂಚನೆ ಹೊರಡಿಸಿತು. 120 ಮೈಕ್ರಾನ್‌ಗಿಂತ ತೆಳುವಾದ ಕೈಚೀಲಗಳ ಮೇಲೆ ಕೇಂದ್ರ ಸರ್ಕಾರದ ನಿಷೇಧ 2022ರ ಡಿಸೆಂಬರ್ 31ರಿಂದ ಜಾರಿಯಾಯಿತು. ಆದರೂ ರಾಯಚೂರಿನ ತರಕಾರಿ ಮಾರುಕಟ್ಟೆಯಿಂದ ದೇವದುರ್ಗ, ಮಾನ್ವಿಯ ಸಂತೆಗಳವರೆಗೆ ತೆಳು ಚೀಲದ ಬಳಕೆ ನಿಂತಿಲ್ಲ. ದಂಡದ ಭಯಕ್ಕಿಂತ ಅಗ್ಗದ ಬೆಲೆಯ ಆಕರ್ಷಣೆ ದೊಡ್ಡದು. ಬದಲಿ ವಸ್ತುವನ್ನು ಒದಗಿಸದ ನಿಷೇಧ ಕಡತದಲ್ಲಷ್ಟೇ ಬಾಳುತ್ತದೆ.

ಬದಲಿಯಾಗಿ ಪಿಷ್ಟ ಬೆರೆಸಿದ ಜೈವಿಕ ಪ್ಲಾಸ್ಟಿಕ್ ಹಾಳೆಯ ಮಾತು ಕೇಳಿಬರುತ್ತಿದೆ. ನಮ್ಮ ಜಿಲ್ಲೆ ಇದಕ್ಕೆ ಕಿವಿಗೊಡಲು ಕಾರಣವಿದೆ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿ, ರಾಯಚೂರು ಸೀಮೆಯನ್ನೂ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗವನ್ನೂ ಭತ್ತದ ನಾಡಾಗಿಸಿವೆ. ಅಕ್ಕಿ ಗಿರಣಿಗಳಲ್ಲಿ ಉಳಿಯುವ ನುಚ್ಚಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಪಿಷ್ಟವೇ. ಕೋಳಿ ಆಹಾರಕ್ಕೆ ಹೋಗುತ್ತಿದ್ದ ಈ ಸರಕಿಗೆ 2018ರ ಜೈವಿಕ ಇಂಧನ ನೀತಿ ಎಥೆನಾಲ್ ದಾರಿಯನ್ನೂ ತೆರೆಯಿತು. ಬಡವರ ಮನೆಗಳಲ್ಲಿ ನುಚ್ಚು ಊಟವೂ ಹೌದು. ಆದ್ದರಿಂದ ಉಣ್ಣಲು ಯೋಗ್ಯವಲ್ಲದ ಕಾಳಿನಿಂದಲೇ ಚೀಲದ ಲೆಕ್ಕ ಆರಂಭವಾಗಬೇಕು.

ಪಿಷ್ಟಕ್ಕೆ ನೀರು, ಗ್ಲಿಸರಿನ್ ಸೇರಿಸಿ ಕಾಯಿಸಿದರೆ ಅದು ಪ್ಲಾಸ್ಟಿಕ್ಕಿನಂತೆ ಮೆದುವಾಗುತ್ತದೆ. ಒಣಗಿದ್ದಾಗ ಈ ಹಾಳೆ ಎಣ್ಣೆಯನ್ನೂ ಆಮ್ಲಜನಕವನ್ನೂ ಚೆನ್ನಾಗಿಯೇ ತಡೆಯುತ್ತದೆ. ಆದರೆ ತೇವ ತಗುಲಿದರೆ ಜೋಲುತ್ತದೆ, ತೇವ ಆರಿದರೆ ಹಪ್ಪಳದಂತೆ ಮುರಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಒಣ ಬಿಸಿಲಿಗೂ ಅದರ ಬೆನ್ನಿಗೇ ಬರುವ ಮುಂಗಾರಿಗೂ ಒಂದೇ ಹಾಳೆ ತಾಳಬೇಕು. ಹೊರನಾಡಿನ ಪ್ರಯೋಗಾಲಯದ ಫಲಿತಾಂಶವನ್ನು ಇಲ್ಲಿಗೆ ಹಾಗೆಯೇ ತಂದುಕೊಳ್ಳಲಾಗದು.

ಈ ದೌರ್ಬಲ್ಯ ನೀಗಲು ಪಿಷ್ಟಕ್ಕೆ ಪಿಬಿಎಟಿ ಎಂಬ, ಕೊಳೆಯಬಲ್ಲ ಪಾಲಿಯೆಸ್ಟರನ್ನು ಬೆರೆಸುತ್ತಾರೆ. ಇಂದಿನ ಚೀಲಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಪಾಲು ಇದರದೇ. ಅದು ಬಹುಮಟ್ಟಿಗೆ ಪೆಟ್ರೋಲಿಯಂ ಮೂಲದ್ದು, ದುಬಾರಿ ಕೂಡ. ಹಾಗಾಗಿ ಸುಧಾರಣೆ ಎಂದರೆ ಬಲ ಕುಗ್ಗದಂತೆ ಪಿಷ್ಟದ ಪಾಲು ಹೆಚ್ಚಿಸುವುದು. ಎರಡನ್ನೂ ಬೆಸೆಯಲು ಸಿಟ್ರಿಕ್ ಆಮ್ಲ, ಮೇಲಿಕ್ ಅನ್‌ಹೈಡ್ರೈಡ್ ಬಳಸುವ, ಪಿಷ್ಟದ ಪದರವನ್ನು ಎರಡು ಪಾಲಿಯೆಸ್ಟರ್ ಪದರಗಳ ನಡುವೆ ಇಡುವ ಕ್ರಮಗಳು ಪ್ರಯೋಗದಲ್ಲಿವೆ. ಅಕ್ಕಿಯ ಪಿಷ್ಟದ ಕಣ ಜೋಳದ್ದಕ್ಕಿಂತ ಸಣ್ಣದು. ತೆಳು ಹಾಳೆಗೆ ಇದು ಅನುಕೂಲ. ಅದನ್ನು ಪ್ರೋಟೀನಿನಿಂದ ಬೇರ್ಪಡಿಸುವ ವೆಚ್ಚ ಮಾತ್ರ ಹೆಚ್ಚು. ನುಚ್ಚಿನ ಹಿಟ್ಟನ್ನೇ ನೇರ ಬಳಸುವ ಬಗೆ ಕಂಡುಕೊಂಡರೆ ಲೆಕ್ಕ ಬದಲಾದೀತು.

ಇಷ್ಟಾದರೂ ಚೀಲ ಚರಂಡಿಯಲ್ಲಿ ಕರಗಿಹೋಗುತ್ತದೆಂದು ಯಾರೂ ತಿಳಿಯಬಾರದು. ‘ಕಾಂಪೋಸ್ಟಬಲ್’ ಎಂಬ ಪ್ರಮಾಣಪತ್ರದ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಶಾಖದ ಗೊಬ್ಬರದ ರಾಶಿಯಲ್ಲಿ. ಅಲ್ಲಿ 180 ದಿನಗಳೊಳಗೆ ಶೇ 90ರಷ್ಟು ಇಂಗಾಲ ಅನಿಲವಾಗಬೇಕು. ನಮ್ಮ ಪಟ್ಟಣಗಳಲ್ಲಿ ಹಸಿ ಕಸವನ್ನು ಬೇರ್ಪಡಿಸಿ ಅಷ್ಟು ಶಾಖದಲ್ಲಿ ಕೊಳೆಸುವ ವ್ಯವಸ್ಥೆ ಇಲ್ಲದೆ ಅಂಗಡಿಗಳಿಗೆ ಈ ಚೀಲ ಹಂಚುವುದು ಕಸಕ್ಕೆ ಹಸಿರು ಬಣ್ಣ ಬಳಿದಂತೆ. ಬಿಡಾಡಿ ದನಗಳಂತೂ ಚೀಟಿ ಓದಿ ಮೇಯುವುದಿಲ್ಲ.

ಹಾಗಾದರೆ ಆರಂಭ ಎಲ್ಲಿಂದ? ಉತ್ತರ 2016ರ ಅಧಿಸೂಚನೆಯಲ್ಲೇ ಅಡಗಿದೆ. ಸರ್ಕಾರಿ ಇಲಾಖೆಗಳ ಬೇಡಿಕೆಯ ಮೇರೆಗೆ ಅರಣ್ಯ ಮತ್ತು ತೋಟಗಾರಿಕೆ ಸಸ್ಯಕ್ಷೇತ್ರಗಳಿಗೆ ಪೂರೈಸುವ ಪ್ಲಾಸ್ಟಿಕ್ ಚೀಲಗಳಿಗೆ ಅದು ವಿನಾಯಿತಿ ನೀಡಿತು. ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸಿಗೆ ದಂಡ, ಇಲಾಖೆಗೆ ರಿಯಾಯಿತಿ! ಸಸಿ ನೆಟ್ಟ ಗುಣಿಯ ಪಕ್ಕದಲ್ಲೇ ಹರಿದ ಕಪ್ಪು ಚೀಲ ಬಿದ್ದಿರುವುದನ್ನು ನೋಡದವರು ವಿರಳ. ಪಿಷ್ಟದ ಹಾಳೆಗೆ ಮೊದಲ ಗಿರಾಕಿ ಈ ಇಲಾಖೆಗಳೇ ಆಗಬೇಕು. ಇಲ್ಲಿ ಖರೀದಿದಾರ ಒಬ್ಬನೇ, ಬೇಡಿಕೆಯ ಪ್ರಮಾಣ ಮೊದಲೇ ಗೊತ್ತು, ಬಳಸಿದ ಚೀಲ ಎಲ್ಲಿ ಬೀಳುತ್ತದೆಂಬುದೂ ಗೊತ್ತು. ಸಣ್ಣ ಉದ್ದಿಮೆ ಸಾಲ ಪಡೆಯಲು ಇಂಥ ಖಚಿತ ಬೇಡಿಕೆಗಿಂತ ಒಳ್ಳೆಯ ಆಧಾರ ಬೇಕಿಲ್ಲ.

ಷರತ್ತು ಕಠಿಣವಾಗಿರಲಿ. ದಿನವೂ ನೀರುಣ್ಣುವ ಚೀಲ ಸಸಿ ನಾಟಿಗೆ ಬರುವವರೆಗೆ ಹರಿಯಬಾರದು. ಆ ಬಳಿಕ ಮಣ್ಣಿನ ಸಹಜ ಶಾಖದಲ್ಲೇ ಕೊಳೆಯಬೇಕು. ಕೊಳೆಯುವ ಹೊದಿಕೆ ಹಾಳೆಗಳಿಗಾಗಿ ಯುರೋಪಿನಲ್ಲಿ 2018ರಲ್ಲಿ ರೂಪುಗೊಂಡ ಮಾನದಂಡದಂತೆ ಎರಡು ವರ್ಷದೊಳಗೆ ಮಣ್ಣಿನಲ್ಲಿ ಶೇ 90ರಷ್ಟು ವಿಘಟನೆಯಾಗಬೇಕು. ಕೊನೆಗೆ ಸೂಕ್ಷ್ಮ ಪ್ಲಾಸ್ಟಿಕ್ ಉಳಿಯಕೂಡದೆಂದು ನಮ್ಮ ಕೇಂದ್ರ ನಿಯಮಗಳೂ 2024ರ ತಿದ್ದುಪಡಿಯಲ್ಲಿ ಹೇಳಿವೆ. ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಮಣ್ಣಿನ ಪರೀಕ್ಷೆಯನ್ನೂ ಮೈಸೂರಿನ ಸಿಪೆಟ್, ಸಿಎಫ್‌ಟಿಆರ್‌ಐಗಳಿಗೆ ಹಾಳೆಯ ಪರೀಕ್ಷೆಯನ್ನೂ ವಹಿಸಬಹುದು. ದೇವದುರ್ಗದ ಕಪ್ಪು ಮಣ್ಣಿನಲ್ಲೂ ಮಾನ್ವಿಯ ನೀರಾವರಿ ಹೊಲದಲ್ಲೂ ಹೂತು, ಒಂದು ಬೇಸಿಗೆ, ಒಂದು ಮಳೆಗಾಲ ಕಾದು ನೋಡಲಿ.

ಪರೀಕ್ಷೆಯಲ್ಲಿ ಗೆದ್ದ ಚೀಲಕ್ಕೆ ಪಾಲಿಥೀನಿಗಿಂತ ಹೆಚ್ಚಿನ ದರ ತೆರಬೇಕಾದೀತು. ಅದಕ್ಕೆ ಕೂಗು ಏಳುವುದು ಖಂಡಿತ. ಆದರೆ ಕಡಿಮೆ ದರ ನಮೂದಿಸಿದವನಿಗೇ ಗುತ್ತಿಗೆ ಎಂಬ ಟೆಂಡರ್ ನಿಯಮದಲ್ಲಿ, ಹೊಲದಿಂದ ಹರಿದ ಚೀಲ ಆಯುವ ಕೂಲಿ ಯಾವ ಕಾಲಂನಲ್ಲೂ ಕಾಣಿಸುವುದಿಲ್ಲ. ಮುಂದಿನ ಹಂಗಾಮಿನ ಸಸಿ ಚೀಲಗಳ ಟೆಂಡರಿನಲ್ಲಿ ಹತ್ತನೇ ಒಂದು ಭಾಗವನ್ನು ಮಣ್ಣಿನಲ್ಲಿ ಕೊಳೆಯುವ ಹಾಳೆಗೆ ಮೀಸಲಿಡಲು ಆರ್ಥಿಕ ಇಲಾಖೆ ಒಪ್ಪಿದರೆ ಸಾಕು, ಗಿರಣಿ ಮಾಲೀಕರು ತಾವಾಗಿ ಲೆಕ್ಕ ಹಾಕತೊಡಗುತ್ತಾರೆ.